ಮಳೆಗಾಲದಲ್ಲಿ ಹಚ್ಚಿದ ಟಚ್‌ಅಪ್ ದಸರಾಕ್ಕೆ ಯಾಕೆ ಎದ್ದು ಬಂತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುವ ಹಳ್ಳಿ. ಸಿಲ್ವರ್ ಬಣ್ಣದ ಮಾರುತಿ ಕಾರು, ತಗೊಂಡು ಏಳು ವರ್ಷ ಆಯಿತು. ಬೇಲಿಯ ಲಾಂಟಾನ ತಾಗಿ ಎಡಗಡೆ ಎರಡೂ ಬಾಗಿಲಿಗೆ ಉದ್ದುದ್ದ ಗೀರು ಬಿದ್ದಿವೆ. ದಣಪೆಯ ಕಲ್ಲುಕಂಬ ಉಜ್ಜಿ ಹಿಂದಿನ ಚಕ್ರದ ಮೇಲಿನ ಅಂಚಿನಲ್ಲಿ ನಾಣ್ಯದಷ್ಟು ಬಣ್ಣ ಕಿತ್ತು ಹೋಗಿದೆ. ಜೂನ್ ಕೊನೆಯಲ್ಲಿ ಟಚ್‌ಅಪ್ ಬಾಟಲಿ ತಂದು ನಾನೇ ಹಚ್ಚಿದ್ದೆ. ದಸರಾ ಹೊತ್ತಿಗೆ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಕಿತ್ತು ಬಂತು, ಕೆಳಗೆಲ್ಲ ತುಕ್ಕು. ಗ್ಯಾರೇಜಿನವರು ಇಡೀ ಸೈಡ್ ಪೇಂಟ್ ಮಾಡಿಸಿ ಅನ್ನುತ್ತಾರೆ. ಮನೆಯಲ್ಲೇ ಮಾಡಿಕೊಂಡು ಬಾಳಿಕೆ ಬರುವ ಹಾಗೆ ಆಗುತ್ತದಾ? ಬಾಟಲಿಯ ಪೇಂಟೇ ಕಳಪೆ ಇತ್ತಾ?

ಉತ್ತರ: ಬಾಟಲಿಯನ್ನು ಬೈಯಬೇಡಿ. ಅದು ಒಳ್ಳೆಯದೇ ಇದ್ದಿರಬಹುದು. ನೀವು ಹಚ್ಚಿದ ತಿಂಗಳೇ ತಪ್ಪು. ಜೂನ್ ಕೊನೆ ಅಂದರೆ ಆರಿದ್ರಾ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ನಿಮ್ಮ ಊರಿನಲ್ಲೂ ಆ ದಿನಗಳಲ್ಲಿ ಗೋಡೆಗೆ ಕೈ ಇಟ್ಟರೆ ಕೈ ಒದ್ದೆ. ಅಂಥ ಹೊತ್ತಿನಲ್ಲಿ ತಗಡು ಕಣ್ಣಿಗೆ ಒಣಗಿದ ಹಾಗೆ ಕಂಡರೂ ಅದರ ಮೇಲೆ ತೆಳ್ಳಗೆ ನೀರು ಇದ್ದೇ ಇರುತ್ತದೆ. ನೀವು ಆ ನೀರಿನ ಮೇಲೆ ಬಣ್ಣ ಹಚ್ಚಿ ಅದನ್ನು ಒಳಗೇ ಮುಚ್ಚಿಬಿಟ್ಟಿರಿ. ತುಕ್ಕು ಒಳಗೇ ಬೆಳೆಯಿತು.

ಬಾಗಿಲಿನ ಗೀರುಗಳನ್ನು ನೀವು ಮನೆಯಲ್ಲೇ ಸರಿ ಮಾಡಿಕೊಳ್ಳಬಹುದು. ಚಕ್ರದ ಅಂಚಿನದು ಒಂದು ಪರೀಕ್ಷೆ ಮಾಡಿದ ಮೇಲೆ ಗೊತ್ತಾಗುತ್ತದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಕಾರಿನ ಬಣ್ಣ ಅಂದರೆ ಏನು ಅನ್ನುವುದು ತಿಳಿದಿರಲಿ. ತಗಡಿನ ಮೇಲೆ ಕಾರ್ಖಾನೆಯಲ್ಲಿ ಮೊದಲು ಒಂದು ರಸಾಯನದ ಸ್ನಾನ, ಆಮೇಲೆ ಕರೆಂಟಿನ ಸಹಾಯದಿಂದ ಅಂಟಿಸುವ ಇ-ಕೋಟ್. ಅದರ ಮೇಲೆ ಪ್ರೈಮರ್, ಪ್ರೈಮರಿನ ಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್. ಇಷ್ಟೆಲ್ಲ ಸೇರಿ ಸುಮಾರು 100ರಿಂದ 140 ಮೈಕ್ರಾನ್. ಝೆರಾಕ್ಸ್ ಅಂಗಡಿಯ ಒಂದು ಹಾಳೆಯ ದಪ್ಪವೇ 100 ಮೈಕ್ರಾನ್ ಹತ್ತಿರ ಇರುತ್ತದೆ. ಅದರಲ್ಲಿ ಬಣ್ಣದ ಪದರ ಬರೀ 15-20 ಮೈಕ್ರಾನ್. ತುಕ್ಕನ್ನು ತಡೆಯುವ ನಿಜವಾದ ಕಾವಲುಗಾರ ಬಣ್ಣವಲ್ಲ, ಕೆಳಗಿನ ಇ-ಕೋಟ್. ಅದು ಹೋದರೆ ಮೇಲೆ ಎಷ್ಟು ಚಂದದ ಸಿಲ್ವರ್ ಹಚ್ಚಿದರೂ ತಗಡಿಗೆ ರಕ್ಷಣೆ ಇಲ್ಲ. ಇದನ್ನು ನಾನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಮ್ಮಲ್ಲಿ ಎಲ್ಲರೂ ಟಚ್‌ಅಪ್ ಅಂದರೆ ಗೀರು ಕಾಣದ ಹಾಗೆ ಮಾಡುವುದು ಅಂದುಕೊಂಡಿದ್ದಾರೆ. ಮಲೆನಾಡಿನಲ್ಲಿ ಟಚ್‌ಅಪ್ ಅಂದರೆ ತಗಡಿಗೆ ನೀರು ಹೋಗದ ಹಾಗೆ ಮಾಡುವುದು. ಕಾಣದ ಹಾಗೆ ಆದರೆ ಸಂತೋಷ, ಆಗದಿದ್ದರೂ ನಷ್ಟವಿಲ್ಲ.

ಈಗ ನಿಮ್ಮ ಗೀರುಗಳನ್ನು ವಿಂಗಡಿಸಿ. ಕಾರು ತೊಳೆದು, ಒಂದು ಗೀರಿನ ಮೇಲೆ ನೀರು ಸವರಿ ನೋಡಿ. ಒದ್ದೆ ಇದ್ದಾಗ ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರಿನಲ್ಲೇ ಇದೆ. ಉಗುರನ್ನು ಅಡ್ಡಡ್ಡ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಚಿಂತೆ ಬೇಡ. ಸಿಕ್ಕಿಕೊಂಡರೆ ಟಾರ್ಚ್ ಬಿಟ್ಟು ಒಳಗಿನ ಬಣ್ಣ ನೋಡಿ. ಬೂದು ಅಥವಾ ಮಂಕು ಬಿಳಿ ಕಂಡರೆ ಪ್ರೈಮರ್ ಉಳಿದಿದೆ. ಫಳಫಳ ಹೊಳೆಯುವ ಲೋಹ ಅಥವಾ ಕಂದು ಗೆರೆ ಕಂಡರೆ ತಗಡಿನವರೆಗೆ ಹೋಗಿದೆ. ಲಾಂಟಾನದ ಮುಳ್ಳು ಸಾಮಾನ್ಯವಾಗಿ ಕ್ಲಿಯರ್ ದಾಟುವುದಿಲ್ಲ. ಎಡ ಬಾಗಿಲಿನ ಹತ್ತು ಗೀರುಗಳಲ್ಲಿ ಎರಡೋ ಮೂರೋ ಮಾತ್ರ ಆಳ ಇರುತ್ತವೆ, ಅವು ಹೆಚ್ಚಾಗಿ ಒಣ ಬಿದಿರು ಅಥವಾ ಬೇಲಿ ತಂತಿಯ ಕೆಲಸ. ಆಳ ಇರುವ ಪ್ರತಿ ಗೀರಿನ ಪಕ್ಕ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ. ನೀವು ಟಚ್‌ಅಪ್ ಮಾಡಬೇಕಾದದ್ದು ಅಷ್ಟೇ. ಎಲ್ಲಾ ಗೀರಿಗೂ ಬಣ್ಣ ತುಂಬಲು ಹೊರಟರೆ ಕಾರಿನ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ.

ಬಂಪರಿನಲ್ಲಿ ಗೀರು ಇದ್ದರೆ ಸದ್ಯಕ್ಕೆ ಬಿಟ್ಟುಬಿಡಿ. ಅದು ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ. ಅದಕ್ಕೆ ಬೇರೆ ಪ್ರೈಮರ್ ಬೇಕು, ಅವಸರವೂ ಇಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಮಾತು ಕೇಳುತ್ತೇನೆ. ನಿಮ್ಮದು ಅಡಿಕೆ ತೋಟ ಅಲ್ವಾ? ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಕಾರು ಅಂಗಳದಲ್ಲೇ ನಿಂತಿತ್ತಾ? 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದ್ರಾವಣ ಸರಿ ಆಯಿತೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತೀರಿ. ಕತ್ತಿಗೆ ಕೆಂಪು ಬಂದರೆ ಸುಣ್ಣ ಸಾಲದು ಅನ್ನುತ್ತೀರಿ. ಆ ಕೆಂಪು ಅಂದರೆ ತಾಮ್ರ. ತಾಮ್ರ ಬಂದು ಕೂರಲು ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ನಿಮ್ಮ ಕಾರಿನ ತೆರೆದ ಗೀರೂ ಆ ಕತ್ತಿಯ ಹಾಗೇ. ಸುಣ್ಣ ಕಡಿಮೆ ಬಿದ್ದ ದ್ರಾವಣ ಗಾಳಿಗೆ ಹಾರಿ ಗೀರಿನ ಮೇಲೆ ಕೂತರೆ ಬರೀ ಮಳೆನೀರಿಗಿಂತ ಬೇಗ ಕಬ್ಬಿಣ ತಿನ್ನುತ್ತದೆ. ಸುಣ್ಣ ಜಾಸ್ತಿ ಆದದ್ದು ಕ್ಲಿಯರಿನ ಮೇಲೆ ನೀಲಿ-ಬಿಳಿ ಕಲೆ ಕೂರಿಸುತ್ತದೆ. ಔಷಧಿ ಹೊಡೆಯುವ ದಿನ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ. ಆಗದಿದ್ದರೆ ಅವತ್ತೇ ಸಂಜೆ ಧಾರಾಳ ನೀರು ಹಾಕಿ ತೊಳೆಯಿರಿ. ಒಣಗಿದ ಮೇಲೆ ಬಟ್ಟೆಯಲ್ಲಿ ಉಜ್ಜಬೇಡಿ, ಸುಣ್ಣದ ಕಣ ಹೊಸ ಗೀರು ಹಾಕುತ್ತದೆ.

ಇನ್ನು ಯಾವಾಗ ಮಾಡಬೇಕು ಅನ್ನುವುದು. ಸ್ವಾತಿ ಮಳೆ ಮುಗಿಯಲಿ. ಅಂಗಳದಲ್ಲಿ ಅಡಿಕೆ ಒಣಗುವಷ್ಟು ಬಿಸಿಲು ಬಂದಿದೆಯಾ, ಆಗ ನಿಮ್ಮ ಬಣ್ಣವೂ ಒಣಗುತ್ತದೆ. ನವೆಂಬರ್ ಮಧ್ಯದಿಂದ ಮಾರ್ಚ್ ತನಕ ಒಳ್ಳೆಯ ಕಾಲ. ಆದರೆ ಬೆಳಿಗ್ಗೆ ಇಬ್ಬನಿ ಇರುತ್ತದೆ, ಆದ್ದರಿಂದ 11 ಗಂಟೆಗೆ ಮೊದಲು ಬಾಟಲಿಯ ಮುಚ್ಚಳ ತೆಗೆಯಬೇಡಿ. 3 ಗಂಟೆಯ ಮೇಲೆ ಹೊಸ ಕೋಟ್ ಹಚ್ಚಬೇಡಿ. ಪೇಂಟಿನ ಕೆಲಸದಲ್ಲಿ ಒಂದು ನಿಯಮ ಇದೆ: ಗಾಳಿಯ ತೇವ ನೂರಕ್ಕೆ 85 ದಾಟಿರಬಾರದು, ತಗಡು ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಮಳೆಗಾಲದ ತೀರ್ಥಹಳ್ಳಿಯಲ್ಲಿ ಎರಡೂ ಆಗುವುದಿಲ್ಲ. ಇಂಜೆಕ್ಷನ್ ಕೊಡುವ ಮೊದಲು ಸ್ಪಿರಿಟ್ ಸವರಿದಾಗ ಚರ್ಮ ತಣ್ಣಗಾಗುತ್ತದಲ್ಲ, ಥಿನ್ನರ್ ಆರುವಾಗ ಬಣ್ಣದ ಮೇಲ್ಮೈಯೂ ಹಾಗೇ ತಣ್ಣಗಾಗುತ್ತದೆ. ಸುತ್ತಲಿನ ತೇವ ಅಲ್ಲಿ ಬಂದು ಕೂರುತ್ತದೆ. ಹಚ್ಚಿದ ಕ್ಲಿಯರ್ ಹಾಲಿನ ಹಾಗೆ ಬೆಳ್ಳಗಾದರೆ ಕಾರಣ ಇದೇ.

ಹಾಗಂತ ನಡು ಬಿಸಿಲಿನಲ್ಲೂ ಬೇಡ. ಕೈ ಇಡಲಾಗದಷ್ಟು ಕಾದ ತಗಡಿನ ಮೇಲೆ ಬಣ್ಣದ ಮೇಲ್ಪದರ ಮಾತ್ರ ಒಣಗಿ ಒಳಗೆ ಥಿನ್ನರ್ ಉಳಿದುಬಿಡುತ್ತದೆ. ಕಾರನ್ನು ಒಂದೆರಡು ಗಂಟೆ ಬಿಸಿಲಿಗೆ ಬಿಟ್ಟು, ಆಮೇಲೆ ನೆರಳಿಗೆ ತಂದು ಕೈಗೆ ಬೆಚ್ಚಗೆ ಅನಿಸುವಾಗ ಶುರು ಮಾಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ತುಕ್ಕು ತೆಗೆಯುವುದು. ಇಲ್ಲಿ ಅರ್ಧ ದಿನ ಹೋದರೂ ಹೋಗಲಿ. ಎದ್ದು ಬಂದ ಹಳೆಯ ಟಚ್‌ಅಪ್ ಎಲ್ಲ ಕೆರೆದು ತೆಗೆಯಿರಿ. ಸುತ್ತ ಗಟ್ಟಿ ಇದೆ ಅನಿಸುವ ಬಣ್ಣದ ಅಂಚನ್ನೂ ಉಗುರಿನಿಂದ ಮೀಟಿ ನೋಡಿ, ತುಕ್ಕು ಕಾಣುವ ಜಾಗಕ್ಕಿಂತ ಒಂದೆರಡು ಮಿಲಿಮೀಟರ್ ಆಚೆಗೂ ಹರಿದಿರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಗುಳ್ಳೆ ಏಳುವುದು ಅದಕ್ಕೇ, ಕೆಳಗಿನ ತುಕ್ಕು ಬಣ್ಣವನ್ನು ಎತ್ತುತ್ತದೆ. ಗೀರಿನಂಥ ಸಣ್ಣ ಜಾಗಕ್ಕೆ ಕಟ್ಟರ್ ಬ್ಲೇಡಿನ ತುದಿ ಸಾಕು. ನಾಣ್ಯದಷ್ಟು ಜಾಗಕ್ಕೆ 180 ನಂಬರಿನ ಸ್ಯಾಂಡ್ ಪೇಪರ್ ಮಡಚಿ ಉಜ್ಜಿ. ಲೋಹ ಬೆಳ್ಳಗೆ ಹೊಳೆಯಬೇಕು. ಸಣ್ಣ ಸಣ್ಣ ಕಪ್ಪು ಚುಕ್ಕೆ ಉಳಿದರೆ ಅದು ಒಳಗೆ ಕೊರೆದ ತುಕ್ಕು, ಪೇಪರಿಗೆ ಸಿಗುವುದಿಲ್ಲ. ಅದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ.

ಕನ್ವರ್ಟರ್ ಏನು ಮಾಡುತ್ತದೆ ಅನ್ನುವುದು ಮಲೆನಾಡಿನವರಿಗೆ ಹೇಳುವುದು ಸುಲಭ. ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಕಪ್ಪಾಗುತ್ತದೆ. ಹಸಿ ಅಡಿಕೆ ಸುಲಿದ ಕತ್ತಿಯೂ ಅಷ್ಟೇ. ಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆ ಕಪ್ಪು ಆಗುತ್ತದೆ. ಹೆಚ್ಚಿನ ಕನ್ವರ್ಟರುಗಳಲ್ಲಿ ಇರುವುದು ಇದೇ ಟ್ಯಾನಿಕ್ ಆಮ್ಲ ಅಥವಾ ಫಾಸ್ಪರಿಕ್ ಆಮ್ಲ. ಉಳಿದ ತುಕ್ಕನ್ನು ಅದು ನೀರಿಗೆ ಜಗ್ಗದ ಪದರವಾಗಿ ಬದಲಿಸುತ್ತದೆ. ಆದರೆ ದಪ್ಪ ತುಕ್ಕನ್ನು ಕೆರೆಯದೆ ಮೇಲೆ ಸವರಿದರೆ ಪ್ರಯೋಜನ ಇಲ್ಲ, ಮೇಲಿನದು ಕಪ್ಪಾಗಿ ಕೆಳಗಿನದು ತುಕ್ಕಾಗಿಯೇ ಉಳಿಯುತ್ತದೆ. ಹಚ್ಚಿ ಒಂದು ದಿನ ಬಿಡಿ. ಬಾಟಲಿಯ ಮೇಲೆ ತೊಳೆಯಲು ಹೇಳಿದ್ದರೆ ತೊಳೆದು ಪೂರ್ತಿ ಒಣಗಿಸಿ.

ಇದಾದ ಮೇಲೆ ಆ ಜಾಗವನ್ನು ಬರಿ ಬೆರಳಿನಿಂದ ಮುಟ್ಟಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬೆರಳಿನ ಬೆವರಿನಲ್ಲಿ ಉಪ್ಪು ಇದೆ. ಮಾವಿನ ಮಿಡಿಗೆ ಉಪ್ಪು ಬೆರೆಸಿಟ್ಟರೆ ಅದು ಮಿಡಿಯ ಸಿಪ್ಪೆಯ ಮೂಲಕವೇ ನೀರು ಎಳೆದುಕೊಳ್ಳುತ್ತದಲ್ಲ? ಬಣ್ಣದ ಕೆಳಗೆ ಉಳಿದ ಉಪ್ಪೂ ಹಾಗೇ ಬಣ್ಣದ ಪದರದ ಮೂಲಕ ಹೊರಗಿನ ನೀರನ್ನು ಒಳಗೆ ಎಳೆಯುತ್ತದೆ. ಬಣ್ಣ ತೂತಾಗಿರಬೇಕೆಂದೇ ಇಲ್ಲ. ನಿಮ್ಮ ಗುಳ್ಳೆಗಳಲ್ಲಿ ಒಂದೆರಡನ್ನು ಸೂಜಿಯಿಂದ ಚುಚ್ಚಿದ್ದರೆ ನೀರು ಬಂದಿರುತ್ತಿತ್ತು. ಶಾಂಪೂ ನೀರಿನಲ್ಲಿ ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಿಳಿ ಬಟ್ಟೆಯಿಂದ ಎರಡು ಸಲ ಒರೆಸಿ, ಎರಡನೇ ಸಲ ಹೊಸ ಬಟ್ಟೆಯಿಂದ. ಕಾರಿಗೆ ಡೀಸೆಲ್ ಅಥವಾ ಸೀಮೆಎಣ್ಣೆ ಒರೆಸಿ ಹೊಳಪು ಬರಿಸುವ ಅಭ್ಯಾಸ ನಮ್ಮ ಕಡೆ ಇದೆ. ಹಾಗೆ ಮಾಡಿದ್ದರೆ ಒರೆಸುವುದು ನಾಲ್ಕು ಸಲ ಆಗಲಿ. ಡ್ಯಾಶ್‌ಬೋರ್ಡಿಗೆ ಹಾಕುವ ಸಿಲಿಕಾನ್ ಪಾಲಿಶ್ ಅಂತೂ ಅವತ್ತು ಕಾರಿನ ಹತ್ತಿರವೂ ಬೇಡ. ಅದರ ಹನಿ ತಾಗಿದ ಕಡೆ ಬಣ್ಣ ನಿಲ್ಲದೆ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಲೋಹ ಕಂಡ ಜಾಗಕ್ಕೆಲ್ಲ ಎಪಾಕ್ಸಿ ಪ್ರೈಮರ್. ಬರೀ ಟಚ್‌ಅಪ್ ಬಣ್ಣವನ್ನು ಲೋಹದ ಮೇಲೆ ಹಚ್ಚಬೇಡಿ, ಅದು ಹಿಡಿಯುವುದಿಲ್ಲ, ನೀರನ್ನೂ ತಡೆಯುವುದಿಲ್ಲ. ಎಪಾಕ್ಸಿ ಎರಡು ಡಬ್ಬಿಯ ಸಾಮಾನು. ಪೇಂಟ್ ಅಂಗಡಿಯಲ್ಲಿ ಸಣ್ಣ ಪ್ಯಾಕ್ ಕೇಳಿ ತನ್ನಿ, ಬಾಟಲಿ ಮುಚ್ಚಳದಷ್ಟು ಮಾತ್ರ ಬೆರೆಸಿಕೊಳ್ಳಿ. ಗೀರಿಗೆ ಒಂದು ಎಳೆ ಹಚ್ಚಿ ರಾತ್ರಿ ಪೂರ್ತಿ ಬಿಡಿ. ಕಾರು ಒಳಗಿರಲಿ, ಇಬ್ಬನಿಗೆ ಬೇಡ.

ಬಣ್ಣದ ವಿಷಯ. ಸಿಲ್ವರ್ ಅಂತ ಕೇಳಿ ತಂದರೆ ಸಾಲದು, ಸಿಲ್ವರಿನಲ್ಲಿ ಹತ್ತಾರು ಇವೆ. ಬಾನೆಟ್ ಒಳಗಿನ ಪ್ಲೇಟಿನಲ್ಲಿ ಅಥವಾ ಬಾಗಿಲು ತೆರೆದಾಗ ಕಾಣುವ ಕಂಬದ ಸ್ಟಿಕ್ಕರಿನಲ್ಲಿ ಕೋಡ್ ಇರುತ್ತದೆ. ಮಾರುತಿಯ ಸಿಲ್ಕಿ ಸಿಲ್ವರ್ ಆದರೆ ಝಡ್2ಎಸ್. ಆ ಕೋಡ್ ಹೇಳಿಯೇ ತನ್ನಿ. ಹೇಳಿ ತಂದರೂ ಏಳು ವರ್ಷ ಬಿಸಿಲು ಕಂಡ ಬಾಗಿಲಿಗೂ ಹೊಸ ಬಾಟಲಿಗೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಜೊತೆಗೆ ಸಿಲ್ವರಿನಲ್ಲಿ ಅಲ್ಯೂಮಿನಿಯಂ ಚೂರುಗಳಿವೆ. ಸ್ಪ್ರೇ ಗನ್ನಿನಲ್ಲಿ ಹೊಡೆದಾಗ ಅವು ಅಂಗಾತ ಮಲಗುತ್ತವೆ, ಕಡ್ಡಿಯಲ್ಲಿ ಹಚ್ಚಿದಾಗ ಹೇಗೆ ಬೇಕೋ ಹಾಗೆ ನಿಲ್ಲುತ್ತವೆ. ಆದ್ದರಿಂದ ಟಚ್‌ಅಪ್ ಆದ ಸಿಲ್ವರ್ ಒಂದು ಕಡೆಯಿಂದ ಕಪ್ಪಗೆ, ಇನ್ನೊಂದು ಕಡೆಯಿಂದ ಬೆಳ್ಳಗೆ ಕಾಣುತ್ತದೆ. ಇದು ನಿಮ್ಮ ಕೈಯ ದೋಷ ಅಲ್ಲ, ಒಪ್ಪಿಕೊಳ್ಳಿ. ಬಾಟಲಿಯನ್ನು ಹಚ್ಚುವ ಮೊದಲು ಎರಡು ನಿಮಿಷ ಚೆನ್ನಾಗಿ ಕುಲುಕಿ, ಚೂರುಗಳು ತಳ ಹಿಡಿದಿರುತ್ತವೆ.

ಬಾಟಲಿಯ ಮುಚ್ಚಳದಲ್ಲಿರುವ ಬ್ರಶ್ ಬಿಸಾಡಿ. ಗೀರಿಗೆ ಅದು ತೀರಾ ದಪ್ಪ. ನಾನು ಹಿಡಿಕಡ್ಡಿಯ ತುದಿಯನ್ನು ಬ್ಲೇಡಿನಲ್ಲಿ ಚೂಪು ಮಾಡಿಕೊಂಡು ಹಚ್ಚುತ್ತೇನೆ. ಒಂದು ಹನಿ ಬಣ್ಣ ಎತ್ತಿ ಗೀರಿನ ಒಂದು ತುದಿಗೆ ಮುಟ್ಟಿಸಿದರೆ ಅದು ತಾನೇ ಗೀರಿನೊಳಗೆ ಹರಿದುಕೊಂಡು ಹೋಗುತ್ತದೆ. ನೀವು ಎಳೆಯಬೇಕಾಗಿಲ್ಲ. ಮೊದಲ ಕೋಟ್ ಆರಿದ ಮೇಲೆ ಏನೂ ಹಚ್ಚಿಲ್ಲವೇನೋ ಅನ್ನುವಷ್ಟು ಕುಗ್ಗಿರುತ್ತದೆ. ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾರಿ ಹೋಗುವ ಥಿನ್ನರೇ ಇರುವುದು. ಇಲ್ಲೇ ಹೆಚ್ಚಿನವರು ತಾಳ್ಮೆ ಕಳೆದುಕೊಂಡು ಒಂದೇ ಸಲ ದಪ್ಪಗೆ ತುಂಬುತ್ತಾರೆ. ದಪ್ಪ ಕೋಟ್ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ, ತಿಂಗಳ ಮೇಲೆ ಬಿರುಕು ಬಿಡುತ್ತದೆ. ಕೋಟಿಗೂ ಕೋಟಿಗೂ ನಡುವೆ ಮುಕ್ಕಾಲು ಗಂಟೆ ಬಿಡಿ. ಎರಡು ಅಥವಾ ಮೂರು ಕೋಟ್ ಬಣ್ಣ, ಸುತ್ತಲಿನ ಮಟ್ಟಕ್ಕಿಂತ ಒಂದು ಕೂದಲಷ್ಟು ಕೆಳಗೆ ನಿಲ್ಲಿಸಿ. ಉಳಿದದ್ದನ್ನು ಮರುದಿನ ಕ್ಲಿಯರಿನಿಂದ ತುಂಬಿ, ಅದೂ ಎರಡು ಮೂರು ಸಲ. ಕ್ಲಿಯರ್ ಸ್ವಲ್ಪ ಉಬ್ಬಿ ನಿಂತರೆ ಒಳ್ಳೆಯದು.

ಬಣ್ಣ ಗೀರಿನ ಆಚೆಗೆ ಹರಿದರೆ ಗಾಬರಿ ಬೇಡ. ಹಳೆಯ ಪ್ಲಾಸ್ಟಿಕ್ ಕಾರ್ಡಿಗೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಥಿನ್ನರನ್ನು ಬರೀ ತೇವ ಆಗುವಷ್ಟು ತಾಗಿಸಿ, ಗೀರಿಗೆ ಅಡ್ಡವಾಗಿ ಒಮ್ಮೆ ಎಳೆಯಿರಿ. ಮೇಲಿನದು ಹೋಗಿ ಗೀರಿನೊಳಗಿನದು ಉಳಿಯುತ್ತದೆ. ಕಾರ್ಖಾನೆಯ ಕ್ಲಿಯರಿಗೆ ಅಷ್ಟರಿಂದ ಏನೂ ಆಗುವುದಿಲ್ಲ. ಆದರೆ ನಿಮ್ಮ ಬಾಗಿಲು ಹಿಂದೆ ಯಾವಾಗಲಾದರೂ ಹೊರಗೆ ಪೇಂಟ್ ಆಗಿದ್ದರೆ ಮೊದಲು ಕೆಳಗಿನ ಮೂಲೆಯಲ್ಲಿ ಥಿನ್ನರ್ ತಾಗಿಸಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಅದು ಹಾರ್ಡ್ನರ್ (ಬಣ್ಣ ಗಟ್ಟಿಯಾಗಲು ಬೆರೆಸುವ ರಸಾಯನ) ಹಾಕದ ಪೇಂಟ್. ಅಲ್ಲಿ ಈ ಉಪಾಯ ಬೇಡ.

ಇನ್ನು ಒಂದು ವಾರ ಮುಟ್ಟಬೇಡಿ. ಡಿಸೆಂಬರಿನ ಚಳಿಯಲ್ಲಿ ಹತ್ತು ದಿನ. ಆಮೇಲೆ 2000 ನಂಬರಿನ ವಾಟರ್ ಪೇಪರಿನ ಚೂರನ್ನು ಮಕ್ಕಳ ರಬ್ಬರಿಗೆ ಸುತ್ತಿ, ನೀರು ಹಾಕುತ್ತಾ, ಉಬ್ಬಿದ ಜಾಗವನ್ನು ಮಾತ್ರ ಸವರಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿದರೆ ಪಕ್ಕದ ಕ್ಲಿಯರ್ ಉಳಿಯುತ್ತದೆ. ಮಟ್ಟ ಬಂದ ಕೂಡಲೇ ನಿಲ್ಲಿಸಿ 3000ದಲ್ಲಿ ಒಂದು ಸುತ್ತು, ಕೊನೆಗೆ ರಬ್ಬಿಂಗ್ ಕಾಂಪೌಂಡ್ ಅನ್ನುವ ಉಜ್ಜಿ ಹೊಳಪು ತರುವ ಪೇಸ್ಟ್. ವ್ಯಾಕ್ಸ್ ಹಾಕಲು ಒಂದು ತಿಂಗಳು ಕಾಯಿರಿ. ಒಳಗಿನ ಥಿನ್ನರ್ ಪೂರ್ತಿ ಹೊರಗೆ ಹೋಗಲು ದಾರಿ ಬೇಕು, ವ್ಯಾಕ್ಸ್ ಆ ದಾರಿ ಮುಚ್ಚುತ್ತದೆ.

ಉಗುರಿಗೆ ಸಿಗದ ಉಳಿದ ಗೀರುಗಳಿಗೆ ಕಾಂಪೌಂಡ್ ಒಂದೇ ಸಾಕು. ಆದರೆ ವರ್ಷ ವರ್ಷ ದೀಪಾವಳಿಗೆ ರಬ್ಬಿಂಗ್ ಮಾಡಿಸುವವರನ್ನು ನೋಡಿದ್ದೇನೆ, ಅದು ಬೇಡ. ಕ್ಲಿಯರ್ ಇರುವುದೇ 40-50 ಮೈಕ್ರಾನ್. ಪ್ರತಿ ಸಲ ಸ್ವಲ್ಪ ಸವೆಯುತ್ತದೆ. ಬಿಸಿಲನ್ನು ತಡೆಯುವ ಶಕ್ತಿ ಇರುವುದೂ ಅದರಲ್ಲೇ. ತೆಳ್ಳಗಾದ ಕ್ಲಿಯರ್ ಬಾನೆಟ್ ಮತ್ತು ಟಾಪಿನಲ್ಲಿ ಮೊದಲು ಬೆಳ್ಳಗಾಗಿ ಸುಲಿಯುತ್ತದೆ, ಆಮೇಲೆ ಪೂರಾ ಪೇಂಟೇ ಗತಿ. ಟೂತ್‌ಪೇಸ್ಟ್ ಕೇಳುವವರು ಇದ್ದಾರೆ. ಅದರಲ್ಲಿ ಸಣ್ಣ ಉಜ್ಜುವ ಪುಡಿ ಇದೆ, ತೀರಾ ಮೇಲಿನ ಗೀರು ಹೋಗುತ್ತದೆ, ಹೊಳಪೂ ಹೋಗುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಗೀರು ಮುಂದಿನ ತೊಳೆಯುವಿಕೆಯ ತನಕ ಕಾಣುವುದಿಲ್ಲ, ಅಷ್ಟೇ. ಆದರೆ ಹಲಸಿನ ಅಂಟು ಬಿದ್ದರೆ ತೆಗೆಯಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಗ್ಯಾರೇಜಿನವರು ಹೇಳಿದ್ದರ ಬಗ್ಗೆ. ಅವರು ಮೋಸ ಮಾಡುತ್ತಿದ್ದಾರೆ ಅನ್ನಲಾರೆ. ಸಿಲ್ವರನ್ನು ತುಂಡು ತುಂಡಾಗಿ ಹೊಡೆದರೆ ಮಚ್ಚೆ ಕಾಣುತ್ತದೆ, ಆದ್ದರಿಂದ ಇಡೀ ಪ್ಯಾನೆಲ್ ಹೊಡೆಯುವುದೇ ಕೆಲಸದವರಿಗೆ ಸುರಕ್ಷಿತ. ಆದರೆ ಎರಡು ಬಾಗಿಲಿನ ಮೇಲೆ ಕಾರ್ಖಾನೆಯ ಬಣ್ಣ ಗಟ್ಟಿಯಾಗಿರುವಾಗ ಮೂರು ಗೀರಿಗೋಸ್ಕರ ಅದನ್ನು ಕಳೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ಇ-ಕೋಟಿನ ತೊಟ್ಟಿಯಲ್ಲಿ ಮುಳುಗಿಸಿ, ಭಟ್ಟಿಯಲ್ಲಿ ಬೇಯಿಸಿರುತ್ತಾರೆ. ಅದನ್ನು ನಮ್ಮ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲೂ ಮಾಡಲಾಗುವುದಿಲ್ಲ, ಬೆಂಗಳೂರಿನ ದೊಡ್ಡ ಶೋರೂಮಿನಲ್ಲೂ ಮಾಡಲಾಗುವುದಿಲ್ಲ. ಇನ್ಶೂರೆನ್ಸ್ ಕ್ಲೇಮ್ ಮಾಡುವ ಯೋಚನೆ ಇದ್ದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಎಷ್ಟಿದೆ ನೋಡಿಕೊಳ್ಳಿ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ನೂರಕ್ಕೆ 50ರ ತನಕ ಬಂದಿರುತ್ತದೆ. ಒಂದು ಕ್ಲೇಮಿಗೆ ಅಷ್ಟೂ ಹೋಗುತ್ತದೆ.

ಚಕ್ರದ ಅಂಚನ್ನು ಗ್ಯಾರೇಜಿಗೇ ಕೊಡಬೇಕಾಗಿ ಬಂದರೆ ಎರಡು ಮಾತು ಕೇಳಿ ಕೊಡಿ. ಪಟ್ಟಿ (ತಗ್ಗು ತುಂಬುವ ಪುಟ್ಟಿ) ಹಾಕುವ ಮೊದಲು ಎಪಾಕ್ಸಿ ಹೊಡೆಯುತ್ತೀರಾ? ಪಟ್ಟಿಯನ್ನು ಒಣಗೇ ಉಜ್ಜುತ್ತೀರಾ, ನೀರು ಹಾಕಿಯಾ? ಪಾಲಿಯೆಸ್ಟರ್ ಪಟ್ಟಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಬರಿ ತಗಡಿನ ಮೇಲೆ ಪಟ್ಟಿ ಎಳೆದು, ವಾಟರ್ ಪೇಪರಿನಲ್ಲಿ ಉಜ್ಜಿ, ಸಂಜೆಗೇ ಬಣ್ಣ ಹೊಡೆದರೆ ಆ ನೀರು ಎಲ್ಲಿಗೆ ಹೋಗಬೇಕು? ನನ್ನ ಮೊದಲ ಕಾರಿಗೆ ಹೀಗೇ ಆಗಿತ್ತು. ಕೆಲಸ ಕಲಿಯುವ ಮೊದಲು, ಒಂದು ಕಡೆ ಕೊಟ್ಟು ಮಾಡಿಸಿದ್ದೆ. ಆಗಸ್ಟಿನಲ್ಲಿ ಮಾಡಿಸಿದ್ದು, ಮುಂದಿನ ಆಗಸ್ಟಿಗೆ ಅಂಗೈಯಷ್ಟು ಬಣ್ಣ ಪಟ್ಟಿಯ ಸಮೇತ ಕೈಗೆ ಬಂತು. ಆ ಪಟ್ಟಿಯ ಹಿಂಬದಿ ಪೂರ್ತಿ ಕೆಂಪಗಿತ್ತು. ಅದನ್ನು ಬಹಳ ದಿನ ಇಟ್ಟುಕೊಂಡಿದ್ದೆ.

ಮನೆಯಲ್ಲಿ ಹಾರ್ಡ್ನರ್ ಬೆರೆಸುವ ಪೇಂಟನ್ನು ಸ್ಪ್ರೇ ಮಾಡಬೇಡಿ. ಅದರಲ್ಲಿ ಐಸೋಸೈನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು, ಬಂದದ್ದು ಹೆಚ್ಚಾಗಿ ಹೋಗುವುದಿಲ್ಲ. ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಉಸಿರಿಗೆ ಕಷ್ಟಪಡುವವರು ಇದ್ದಾರೆ, ಇದನ್ನು ಸುಮ್ನೆ ಹೇಳುತ್ತಿಲ್ಲ.

ಮುಂದಿನ ಮಳೆಗಾಲದಲ್ಲಿ ಹೊಸ ಗೀರು ಬಿದ್ದರೆ ಏನು ಮಾಡಬೇಕು? ಟಚ್‌ಅಪ್ ಬೇಡ. ಹೇರ್ ಡ್ರೈಯರಿನಿಂದ ಆ ಜಾಗವನ್ನು ಹತ್ತು ನಿಮಿಷ ಬೆಚ್ಚಗೆ ಮಾಡಿ, ಒರೆಸಿ, ಗೀರಿನೊಳಗೆ ಕಾರಿನ ವ್ಯಾಕ್ಸ್ ಒತ್ತಿ ತುಂಬಿ. ಎರಡು ವಾರಕ್ಕೊಮ್ಮೆ ಮತ್ತೆ ತುಂಬಿ. ನವೆಂಬರಿನಲ್ಲಿ ಅದನ್ನು ಪೂರ್ತಿ ತೆಗೆದು ಮೇಲೆ ಹೇಳಿದ ಕೆಲಸ ಶುರು ಮಾಡಿ. ಟೇಪ್ ಅಂಟಿಸಬೇಡಿ, ಅಂಚಿನಿಂದ ನೀರು ನುಸುಳಿ ಅಲ್ಲೇ ನಿಲ್ಲುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸುವುದೂ ಬೇಡ. ಒಳಗೆ ಬೆವರಿ ಕಾರು ತಿಂಗಳುಗಟ್ಟಲೆ ಒದ್ದೆ ಇರುತ್ತದೆ, ಗಾಳಿಗೆ ಕವರ್ ಅಲ್ಲಾಡಿ ಕೆಂಪು ಮಣ್ಣಿನ ಕಣಗಳನ್ನು ಬಣ್ಣಕ್ಕೆ ತಿಕ್ಕುತ್ತದೆ. ಕೊಟ್ಟಿಗೆಯ ಪಕ್ಕದ ಒಂದು ತಗಡಿನ ಮಾಡು ಸಾಕು, ಮೂರು ಕಡೆ ಗಾಳಿ ಆಡಲಿ.

ಬಾಗಿಲಿನ ಕೆಳ ಅಂಚನ್ನು ಬಗ್ಗಿ ನೋಡಿ. ಅಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ನಮ್ಮ ಕಡೆ ಅವು ಜಂಬಿಟ್ಟಿಗೆ ಮಣ್ಣು, ಎಲೆ ಚೂರು ಸೇರಿ ಕಟ್ಟಿಕೊಂಡಿರುತ್ತವೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಬಾಗಿಲಿನೊಳಗೇ ನಿಂತು ಒಳಗಿಂದ ತುಕ್ಕು ಹಿಡಿಸುತ್ತದೆ. ಅದೇ ಹಿಡಿಕಡ್ಡಿಯಿಂದ ಚುಚ್ಚಿ ಬಿಡಿಸಿ, ಜೂನಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ.

ಈಗ ಆ ಪರೀಕ್ಷೆ. ಹಿಂದಿನ ಚಕ್ರದ ಮೇಲೆ ತಗಡು ಒಳಗೆ ಮಡಚಿಕೊಂಡ ತುಟಿ ಇರುತ್ತದೆ. ಅಲ್ಲಿ ಮಣ್ಣು ಮೆತ್ತಿಕೊಂಡು ಬೇಸಿಗೆಯ ತನಕ ತೇವ ಹಿಡಿದಿರುತ್ತದೆ. ಪೈಪಿನ ನೀರು ಬಿಟ್ಟು ಮಣ್ಣೆಲ್ಲ ತೊಳೆಯಿರಿ. ಒಣಗಿದ ಮೇಲೆ ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಬಣ್ಣ ಕಿತ್ತ ಜಾಗದ ಹಿಂದೆ ಬೆರಳು ಆಡಿಸಿ. ನುಣ್ಣಗಿದ್ದರೆ ತುಕ್ಕು ಹೊರಗಿನದು ಮಾತ್ರ. ಸುತ್ತಲಿನ ಬಣ್ಣದ ಅಂಚನ್ನು 320, ಆಮೇಲೆ 600ರಲ್ಲಿ ಇಳಿಜಾರು ಮಾಡಿ, ಎಪಾಕ್ಸಿ, ಬಣ್ಣ, ಕ್ಲಿಯರ್, ಬಾಗಿಲಿನ ಹಾಗೇ ಮಾಡಿ. ಮಚ್ಚೆ ಕಾಣುತ್ತದೆ, ಆದರೆ ಉಳಿಯುತ್ತದೆ. ಬೆರಳಿಗೆ ಪದರ ಪದರ ಎದ್ದದ್ದು ಸಿಕ್ಕಿದರೆ, ಅಥವಾ ಸ್ಕ್ರೂಡ್ರೈವರಿನ ಹಿಡಿಯಿಂದ ಹೊರಗೆ ಮೆಲ್ಲಗೆ ತಟ್ಟಿದಾಗ ಟಣ್ ಅನ್ನದೆ ಮೆತ್ತಗೆ ಸದ್ದು ಬಂದರೆ, ತುಕ್ಕು ಒಳಗಿಂದ ಹೊರಗೆ ಬರುತ್ತಿದೆ. ಆಗ ನೀವು ಹೊರಗೆ ಏನು ಹಚ್ಚಿದರೂ ವ್ಯರ್ಥ. ಆ ತುಂಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ, ಒಳಬದಿಗೂ ಎಪಾಕ್ಸಿ ಹೊಡೆಯಬೇಕು. ಅದು ಟಿಂಕರಿಂಗ್ ಕೆಲಸ, ಶಿವಮೊಗ್ಗಕ್ಕೆ ತನ್ನಿ. ಬರುವಾಗ ಪೇಂಟ್ ಕೋಡಿನ ಫೋಟೋ ಒಂದು ತೆಗೆದುಕೊಂಡು ಬನ್ನಿ, ಆರಿದ್ರಾಕ್ಕೆ ಮೊದಲೇ ಬನ್ನಿ.